ವಿಟ್ನಿ ತೋಟದ ಗುಲಾಮರ ಹೆಸರುಗಳು ಎಲ್ಲಿ ಸಿಕ್ಕವು?

ಪ್ರಶ್ನೆ: ಅಮೆರಿಕದ ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್ ಹತ್ತಿರದ ವಿಟ್ನಿ ಸಕ್ಕರೆ ತೋಟವನ್ನು ನೋಡಿ ಬಂದೆವು. ಅದೀಗ ಗುಲಾಮಗಿರಿಯ ವಸ್ತುಸಂಗ್ರಹಾಲಯ. ಅಲ್ಲಿ ದುಡಿದ ಗುಲಾಮರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆದರೆ ಆ ಕಾಲದ ಜನಗಣತಿಯಲ್ಲಿ ಗುಲಾಮರ ಹೆಸರನ್ನೇ ಬರೆಯುತ್ತಿರಲಿಲ್ಲ ಎಂದು ಓದಿದ್ದೇನೆ. ಹಾಗಾದರೆ ಈ ಹೆಸರುಗಳು ಬಂದದ್ದೆಲ್ಲಿಂದ? ಅವನ್ನು ನಂಬಬಹುದೆ? ನಮ್ಮದು ಮಂಡ್ಯ ಕಡೆಯ ಕಬ್ಬು ಬೆಳೆಯುವ ಮನೆ. ಒಂದೇ ಕುಟುಂಬದ ಕೈಯಲ್ಲಿ ನೂರಕ್ಕೂ ಹೆಚ್ಚು ವರ್ಷ ಇದ್ದ ಆ ತೋಟದಲ್ಲಿ ಅವರು ವರ್ಷವಿಡೀ ಏನು ಕೆಲಸ ಮಾಡುತ್ತಿದ್ದರು ಎಂಬುದನ್ನೂ ತಿಳಿಸಿ.

ಉತ್ತರ: ನೀವು ಓದಿದ್ದು ಸರಿ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿದ್ದವು. ಯಜಮಾನನ ಹೆಸರು ಬರೆದು, ಅದರ ಕೆಳಗೆ ಸಾಲಿಗೊಬ್ಬರಂತೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟನ್ನು ದಾಖಲಿಸುತ್ತಿದ್ದರು. 32, ಹೆಣ್ಣು, ಕಪ್ಪು. 8, ಗಂಡು, ಕಪ್ಪು. ಅಲ್ಲಿಗೆ ಮುಗಿಯಿತು. ಕಲ್ಲಿನ ಮೇಲೆ ನೀವು ಕಂಡ ಹೆಸರುಗಳಲ್ಲಿ ಬಹುಪಾಲು ಬಂದದ್ದು ಆಸ್ತಿಪತ್ರಗಳಿಂದ: ಯಜಮಾನ ಸತ್ತಾಗ ಮಾಡಿದ ಆಸ್ತಿಪಟ್ಟಿ, ಕ್ರಯಪತ್ರ, ಅಡಮಾನ ಪತ್ರ, ವಾರಸುದಾರರ ಪಾಲುಪಟ್ಟಿ. ಸರ್ಕಾರ ಜನರನ್ನು ಎಣಿಸುವಾಗ ಹೆಸರು ಬೇಕೆನಿಸಲಿಲ್ಲ. ಯಜಮಾನರು ಆಸ್ತಿಯನ್ನು ಎಣಿಸುವಾಗ ಮಾತ್ರ ಬೇಕಾಯಿತು, ಏಕೆಂದರೆ ಹೆಸರಿಲ್ಲದೆ ಒಬ್ಬ ಮನುಷ್ಯನನ್ನು ಮಾರಲು, ಹಂಚಲು, ಸಾಲಕ್ಕೆ ಒತ್ತೆಯಿಡಲು ಆಗುತ್ತಿರಲಿಲ್ಲ. ವಿಟ್ನಿಯ ಇತಿಹಾಸವನ್ನು ಓದುವಾಗ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುಲಾಮರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವರನ್ನು ಬೆಲೆಕಟ್ಟಿದವರ ಕೈಬರಹದಲ್ಲೇ ಉಳಿದಿದೆ.

ಮೊದಲು ಕುಟುಂಬದ ವಿಷಯ. 1721ರಲ್ಲಿ ಜರ್ಮನಿಯಿಂದ ತಾಯಿ ಮತ್ತು ಒಡಹುಟ್ಟಿದವರ ಜೊತೆ ಲೂಸಿಯಾನಾಕ್ಕೆ ಬಂದ ಆಂಬ್ರ್ವಾಸ್ ಹೈಡೆಲ್ 1752ರಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯಲ್ಲಿ ಈ ಜಮೀನು ಕೊಂಡ. ಫ್ರೆಂಚರ ನಾಲಿಗೆಯಲ್ಲಿ ಮನೆತನದ ಹೆಸರು ಹೇಡೆಲ್ ಆಯಿತು. ಅವನು ಬೆಳೆದದ್ದು ಬಟ್ಟೆಗೆ ಹಾಕುವ ಬಣ್ಣ ಕೊಡುವ ನೀಲಿ ಗಿಡ. ಕಿರಿಯ ಮಗ ಜಾನ್ ಜಾಕ್ ಹೇಡೆಲ್ ತೋಟವನ್ನು ವಿಸ್ತರಿಸಿದ, ಈಗ ನೀವು ನೋಡಿದ ದೊಡ್ಡ ಮನೆಯನ್ನು ಕಟ್ಟಿಸಿದ, 19ನೇ ಶತಮಾನದ ಆರಂಭದಲ್ಲಿ ನೀಲಿ ಬಿಟ್ಟು ಕಬ್ಬಿಗೆ ತಿರುಗಿದ. 1820ರಲ್ಲಿ ತೋಟ ಅವನ ಮಕ್ಕಳಾದ ಕಿರಿಯ ಜಾನ್ ಜಾಕ್ ಮತ್ತು ಮಾರ್ಸೆಲಿನ್ ಕೈಗೆ ಬಂತು. ಮಾರ್ಸೆಲಿನ್ ತೀರಿಕೊಂಡ ಮೇಲೆ, 1840ರಿಂದ 1860ರವರೆಗೆ, ಅವನ ವಿಧವೆ ಮರೀ ಅಝೇಲಿ ಹೇಡೆಲ್ ಇದರ ಒಡತಿ. ತೋಟ ಅತಿ ಹೆಚ್ಚು ಸಕ್ಕರೆ ತೆಗೆದದ್ದು ಈಕೆಯ ಕಾಲದಲ್ಲೇ: 1844ರ ಹಂಗಾಮಿನಲ್ಲಿ 4,07,000 ಪೌಂಡ್, ಅಂದರೆ ಸುಮಾರು 1.85 ಲಕ್ಷ ಕಿಲೊ. ಆಕೆ ಸಾಯುವ ಹೊತ್ತಿಗೆ ಇಲ್ಲಿ 101 ಗುಲಾಮರಿದ್ದರು. 1867ರಲ್ಲಿ ತೋಟ ಬ್ರ್ಯಾಡಿಶ್ ಜಾನ್ಸನ್ ಎಂಬ ವ್ಯಾಪಾರಿಯ ಪಾಲಾಯಿತು. ವಿಟ್ನಿ ಎಂಬುದು ಅವನು ಮೊಮ್ಮಗನ ನೆನಪಿಗೆ ಇಟ್ಟ ಹೆಸರು. ಹಳೆಯ ಪತ್ರಗಳಲ್ಲಿ ‘ವಿಟ್ನಿ’ ಎಂದು ಹುಡುಕಿದರೆ ಏನೂ ಸಿಗದಿರುವುದಕ್ಕೆ ಇದೇ ಕಾರಣ.

ಇನ್ನು ಪತ್ರಗಳು. ಇಂಗ್ಲಿಷ್ ಕಾನೂನಿನ ನೆರಳಲ್ಲಿ ಬೆಳೆದ ವರ್ಜೀನಿಯಾ, ಕೆರೊಲಿನಾಗಳಿಗಿಂತ ಲೂಸಿಯಾನಾದ ದಾಖಲೆಗಳು ಹೆಚ್ಚು ವಿವರವಾಗಿವೆ. ಮೊದಲು ಫ್ರೆಂಚರ, ಆಮೇಲೆ ಸ್ಪೇನಿನವರ ಆಳ್ವಿಕೆಯಲ್ಲಿದ್ದ ನಾಡು ಅದು. 1803ರಲ್ಲಿ ಅಮೆರಿಕಕ್ಕೆ ಸೇರಿದ ಮೇಲೂ ಅಲ್ಲಿ ಸಿವಿಲ್ ಕೋಡ್, ಅಂದರೆ ಬರಹದ ನಾಗರಿಕ ಕಾನೂನು ಸಂಹಿತೆ, ಉಳಿಯಿತು. 1825ರ ಸಿವಿಲ್ ಕೋಡ್ ಗುಲಾಮರು ಸ್ವಭಾವತಃ ಚರಾಸ್ತಿಯಾದರೂ ಕಾನೂನಿನ ದೃಷ್ಟಿಯಲ್ಲಿ ಸ್ಥಿರಾಸ್ತಿ ಎಂದು ಬರೆದಿತ್ತು. ಆದ್ದರಿಂದ ಹೊಲ ಮಾರಿದಂತೆ ಮನುಷ್ಯರನ್ನು ಮಾರುವಾಗಲೂ ಬರಹದ ಪತ್ರ ಬೇಕು, ನೋಂದಣಿ ಬೇಕು. ನೋಟರಿಗಳು ಮೂಲ ಪ್ರತಿಯನ್ನು ತಮ್ಮಲ್ಲೇ ಸಂಪುಟ ಕಟ್ಟಿಸಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳೆಲ್ಲರಿಗೂ ಪಾಲು ಕೊಡಲೇಬೇಕೆಂಬ ನಿಯಮವೂ ಇತ್ತು. ಗಂಡ ಹೆಂಡತಿ ಸೇರಿ ಗಳಿಸಿದ್ದರಲ್ಲಿ ಅರ್ಧ ಬದುಕುಳಿದವರದು. ಹಾಗಾಗಿ ಮನೆಯಲ್ಲಿ ಒಂದು ಸಾವು ಎಂದರೆ ಇಡೀ ತೋಟವನ್ನು ಎಣಿಸಿ ಬರೆಯುವ ಸಂದರ್ಭ.

ಆ ಎಣಿಕೆ ನಡೆಯುತ್ತಿದ್ದ ಬಗೆ ಹೀಗೆ. ಪ್ಯಾರಿಷ್‌ನ (ಅಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ) ನ್ಯಾಯಾಧೀಶ ಅಥವಾ ನೋಟರಿ, ಬೆಲೆಕಟ್ಟುವ ಇಬ್ಬರು ನೆರೆಯ ತೋಟಗಾರರು, ಸಾಕ್ಷಿಗಳು ಬರುತ್ತಾರೆ. ಜಮೀನಿನ ಅಳತೆ, ಮನೆಯ ಮಂಚ, ಕನ್ನಡಿ, ಬೆಳ್ಳಿ ಚಮಚ, ಅಡುಗೆಮನೆ, ಗಾಣದ ಮನೆ, ಕೊಪ್ಪರಿಗೆ, ಬಂಡಿ, ಹೇಸರಗತ್ತೆ, ಎತ್ತು ಎಲ್ಲವೂ ಪಟ್ಟಿಗೆ ಏರುತ್ತವೆ. ಅದೇ ಪಟ್ಟಿಯಲ್ಲಿ ಗುಲಾಮರ ಸಾಲು. ಒಬ್ಬೊಬ್ಬರಿಗೂ ಹೆಸರು, ಅಂದಾಜು ವಯಸ್ಸು, ಹುಟ್ಟಿದ ಸ್ಥಳ ಅಥವಾ ಆಫ್ರಿಕಾದ ಜನಾಂಗ, ಕಸುಬು, ಮೈಯಲ್ಲಿನ ಊನ, ಕೊನೆಗೆ ಬೆಲೆ. ಹಾಲುಕುಡಿಯುವ ಮಗುವಿದ್ದರೆ ತಾಯಿಯ ಜೊತೆ ಸೇರಿಸಿ ಒಂದೇ ಬೆಲೆ. ಕೈಲಾಗದ ಮುದುಕರ ಮುಂದೆ ಬೆಲೆಯೇ ಇಲ್ಲ ಎಂದು ಬರೆದದ್ದೂ ಉಂಟು. ಲೂಸಿಯಾನಾದಲ್ಲೇ ಹುಟ್ಟಿದವರಿಗೆ ‘ಕ್ರಿಯೋಲ್’ ಎಂಬ ಗುರುತು. ಆಫ್ರಿಕಾದಿಂದ ಬಂದವರಿಗೆ ಬಂಬಾರ, ಕಾಂಗೊ, ಮಂಡಿಂಗ, ವೊಲೊಫ್ ಎಂಬಂಥ ಗುರುತು. ಅಮೆರಿಕದ ಬೇರೆ ರಾಜ್ಯಗಳ ದಾಖಲೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಆಫ್ರಿಕಾದ ನೆಲೆ ಸಿಗುವುದು ಅಪರೂಪ.

ಕ್ರಯಪತ್ರಗಳಲ್ಲಿ ಇನ್ನೂ ಒಂದು ಸಂಗತಿ ಸಿಗುತ್ತದೆ. ದೋಷ ಮುಚ್ಚಿಟ್ಟು ಮಾರಿದರೆ ಕೊಂಡವನು ವ್ಯವಹಾರ ರದ್ದು ಮಾಡಿಸಬಹುದು ಎಂಬ ನಿಯಮ ಗುಲಾಮರಿಗೂ ಅನ್ವಯಿಸುತ್ತಿತ್ತು. ಕುಷ್ಠ, ಹುಚ್ಚು, ಮೂರ್ಛೆರೋಗ ಇವು ದೇಹದ ದೋಷಗಳು. ಕಳ್ಳತನ, ಓಡಿಹೋಗುವ ಚಾಳಿ ಇವು ನಡತೆಯ ದೋಷಗಳು. ಎರಡು ಸಲ ಕೆಲವು ದಿನಗಳ ಮಟ್ಟಿಗೆ ಅಥವಾ ಒಂದೇ ಸಲ ಒಂದು ತಿಂಗಳಿಗಿಂತ ಹೆಚ್ಚು ಕಾಲ ತಪ್ಪಿಸಿಕೊಂಡಿದ್ದರೆ ಅದು ‘ಚಾಳಿ’ ಎಂದು ಕೋಡ್ ಲೆಕ್ಕ ಹಾಕಿಟ್ಟಿತ್ತು. ಆದ್ದರಿಂದ ಮಾರುವವನು ಮೊದಲೇ ಬರೆದುಬಿಡುತ್ತಿದ್ದ: ಇವನು ಓಡಿಹೋಗುವವನು. ಆ ಒಂದು ಮಾತನ್ನು ನಾವು ಇಂದು ಬೇರೆಯಾಗಿ ಓದಬೇಕು. ಬಿಡುಗಡೆಗಾಗಿ ಹೆಣಗಿದವನ ಗುರುತು ಅದು, ದೋಷವಲ್ಲ.

ಅಡಮಾನ ಪತ್ರಗಳು ಮತ್ತೊಂದು ರಾಶಿ. ಸಕ್ಕರೆ ತೋಟಕ್ಕೆ ಬಂಡವಾಳ ಹೆಚ್ಚು ಬೇಕು, ಬ್ಯಾಂಕುಗಳು ಜಮೀನಿನ ಜೊತೆ ಜನರನ್ನೂ ಒತ್ತೆಗೆ ತೆಗೆದುಕೊಳ್ಳುತ್ತಿದ್ದವು. ಲೂಸಿಯಾನಾದ ಎರಡು ಹಳೆಯ ಬ್ಯಾಂಕುಗಳು 1831ರಿಂದ 1865ರ ನಡುವೆ ಸುಮಾರು 13,000 ಗುಲಾಮರನ್ನು ಸಾಲದ ಭದ್ರತೆಯಾಗಿ ಪಡೆದಿದ್ದವು ಎಂದು, ಅವುಗಳ ವಾರಸುದಾರ ಸಂಸ್ಥೆಯಾದ ಜೆಪಿ ಮಾರ್ಗನ್ ಚೇಸ್ 2005ರಲ್ಲಿ ಒಪ್ಪಿಕೊಂಡಿತು. ಸಾಲ ಪಡೆದವನು ಕಟ್ಟದೆ ಹೋದರೆ ಕುಟುಂಬಗಳು ಚದುರಿ ಹೋಗುತ್ತಿದ್ದವು. 10 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಮಾರಕೂಡದೆಂಬ ಕಾನೂನು ಇತ್ತು. ಹನ್ನೊಂದಕ್ಕೆ ಕಾಲಿಟ್ಟರೆ ಆ ರಕ್ಷಣೆ ಇಲ್ಲ.

ಈಗ ಕೆಲಸದ ವಿಷಯ. ನೀವು ಕಬ್ಬಿನ ಮನೆಯವರಾದ್ದರಿಂದ ಇದನ್ನು ವಿವರವಾಗಿ ಹೇಳಬಹುದು.

ಜಮೀನು ಉದ್ದನೆಯ ಪಟ್ಟಿ. ನದಿಯ ಕಡೆ ಕಿರಿದಾದ ಮುಖ, ಹಿಂದಕ್ಕೆ ಸಾಮಾನ್ಯವಾಗಿ ಫ್ರೆಂಚರ ಅಳತೆಯಲ್ಲಿ 40 ಆರ್ಪಾಂ ಆಳ, ಅಂದರೆ ಸುಮಾರು 2.3 ಕಿಲೋಮೀಟರ್. ನದಿ ತಂದು ಸುರಿದ ಮಣ್ಣಿನಿಂದ ದಂಡೆಯೇ ಎತ್ತರ, ಹಿಂದೆ ಹೋದಂತೆ ತಗ್ಗು, ಕೊನೆಗೆ ಸೈಪ್ರೆಸ್ ಮರಗಳ ಜೌಗು. ನದಿಯ ಏರಿಯನ್ನು ತನ್ನ ಜಮೀನಿನ ಮುಂದೆ ಕಟ್ಟಿ ಕಾಯುವುದು ಆಯಾ ಯಜಮಾನನ ಹೊಣೆ. ಮಣ್ಣು ಹೊತ್ತವರು ಗುಲಾಮರು. ಮಳೆ ಹೆಚ್ಚು, ಜಮೀನು ಚಪ್ಪಟೆ, ಹಾಗಾಗಿ ಬಸಿಗಾಲುವೆ ತೋಡುವುದು, ಹೂಳು ತೆಗೆಯುವುದು ವರ್ಷವಿಡೀ ಇದ್ದದ್ದೇ.

ಕಬ್ಬು ಉಷ್ಣವಲಯದ ಬೆಳೆ. ಲೂಸಿಯಾನಾದಲ್ಲಿ ಹಿಮ ಬೀಳುತ್ತದೆ. ಅಲ್ಲಿನ ಗುಲಾಮರ ಬದುಕಿನ ಅತಿ ಕಠಿಣ ಭಾಗಕ್ಕೆ ಮೂಲ ಈ ಒಂದು ಸಂಗತಿಯಲ್ಲಿದೆ. ನಮ್ಮಲ್ಲಿ 12 ತಿಂಗಳು ಇಲ್ಲವೇ ಅದಕ್ಕೂ ಹೆಚ್ಚು ಕಾಲ ಹೊಲದಲ್ಲಿ ಬಿಟ್ಟು ಮಾಗಿಸುತ್ತೇವೆ. ಅಲ್ಲಿ ಜನವರಿ, ಫೆಬ್ರುವರಿಯಲ್ಲಿ ನೆಟ್ಟದ್ದನ್ನು ಅಕ್ಟೋಬರ್ ನಡುವಿನಿಂದ ಕಡಿಯಲೇಬೇಕು. ಮಾಗಲೆಂದು ಕಾದರೆ ಹಿಮದ ಭಯ, ಬೇಗ ಕಡಿದರೆ ರಸದಲ್ಲಿ ಸಕ್ಕರೆ ಕಡಿಮೆ. ಹಿಮ ಬಡಿದು ಆಮೇಲೆ ಬಿಸಿಲು ಬಂದರೆ ಕಾಂಡದೊಳಗಿನ ಕೋಶಗಳು ಒಡೆದು ರಸ ಹುಳಿಯುತ್ತದೆ, ಎಷ್ಟು ಕಾಯಿಸಿದರೂ ಹರಳು ಕಟ್ಟುವುದಿಲ್ಲ. 1817ರ ಸುಮಾರಿಗೆ ಬಂದ ‘ರಿಬ್ಬನ್’ ಎಂಬ ಪಟ್ಟೆ ಕಬ್ಬು ಚಳಿಯನ್ನು ಸ್ವಲ್ಪ ಹೆಚ್ಚು ತಾಳುತ್ತಿದ್ದುದರಿಂದ ಬೆಳೆ ನದಿಯುದ್ದಕ್ಕೂ ಹಬ್ಬಿತು.

ನಾಟಿಯಲ್ಲಿ ಹೇಸರಗತ್ತೆ ಕಟ್ಟಿ ನೇಗಿಲು ಹೊಡೆದು, ಸುಮಾರು 6ರಿಂದ 7 ಅಡಿಗೊಂದು ಸಾಲು ತೆಗೆಯುತ್ತಿದ್ದರು. ಹಿಂದಿನ ವರ್ಷದ ಬಿತ್ತನೆ ಕಬ್ಬನ್ನು ಎರಡು ಮೂರು ಜಲ್ಲೆಗಳಂತೆ ಉದ್ದಕ್ಕೆ ಮಲಗಿಸಿ ಮಣ್ಣು ಮುಚ್ಚುವುದು. ಆಮೇಲೆ ಒಂದೆರಡು ಕೂಳೆ ಬೆಳೆ. ಅಷ್ಟರಲ್ಲಿ ಇಳುವರಿ ಕುಸಿದು ಮತ್ತೆ ಹೊಸ ನಾಟಿ. ಬಿತ್ತನೆಗೆ ಬೆಳೆಯ ಗಣನೀಯ ಭಾಗವನ್ನು ಎತ್ತಿಡಬೇಕಿತ್ತು. ಅದು ಹಿಮಕ್ಕೆ ಸಿಗದಂತೆ ಕಟಾವಿಗೆ ಮೊದಲೇ ಕಡಿದು, ಸೋಗೆಯನ್ನೇ ಹೊದಿಕೆಯಾಗಿಸಿ ಹೊಲದಲ್ಲೇ ಮಲಗಿಸಿಡುತ್ತಿದ್ದರು. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ಗುದ್ದಲಿ ಹಿಡಿದು ಕಳೆ ತೆಗೆಯುವ ಸಾಲು ಸಾಲು ಜನ, ಹೆಂಗಸರೂ ಗಂಡಸರೂ. ಮುಂದೆ ಗುಲಾಮರೊಳಗಿಂದಲೇ ಆರಿಸಿದ ಮೇಸ್ತ್ರಿ, ಅವನ ಮೇಲೆ ಬಿಳಿಯ ಮೇಲ್ವಿಚಾರಕ. ಕಬ್ಬು ಎದೆಯೆತ್ತರ ಬೆಳೆದು ನೆರಳು ಕವಿದ ಮೇಲೆ ಹೊಲದ ಕೆಲಸ ತಗ್ಗುತ್ತದೆ. ಬಿಡುವು ಮಾತ್ರ ಇಲ್ಲ. ಮೆಕ್ಕೆಜೋಳ ಕೊಯ್ಯುವುದು, ಏರಿ ಕಟ್ಟುವುದು, ಇಟ್ಟಿಗೆ ಸುಡುವುದು, ಪೀಪಾಯಿ ಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಜೌಗಿನಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು ಸೌದೆ ಕಡಿಯುವುದು.

ಸೌದೆಯ ಲೆಕ್ಕ ಹಾಕಿ ನೋಡಿ. ಸಕ್ಕರೆ ತುಂಬುತ್ತಿದ್ದ ದೊಡ್ಡ ಪೀಪಾಯಿಗೆ ಹಾಗ್ಸ್‌ಹೆಡ್ ಎಂದು ಹೆಸರು, ಒಂದಕ್ಕೆ ಸುಮಾರು 1,000 ಪೌಂಡ್. ಅಝೇಲಿಯ 1844ರ ಸಕ್ಕರೆ ಎಂದರೆ ಅಂಥ 400ಕ್ಕೂ ಹೆಚ್ಚು ಪೀಪಾಯಿ. ಒಂದು ಪೀಪಾಯಿ ಸಕ್ಕರೆಗೆ ಸುಮಾರು 3 ಕಾರ್ಡ್ ಸೌದೆ ಬೇಕಾಗುತ್ತಿತ್ತು. ಒಂದು ಕಾರ್ಡ್ ಎಂದರೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ರಾಶಿ. ಈ ಪ್ರಮಾಣದಲ್ಲಿ ಒಂದೇ ಹಂಗಾಮಿಗೆ 1,200 ಅಂಥ ರಾಶಿಗಳು. ಅಷ್ಟನ್ನೂ ಕೊಡಲಿಯಿಂದ ಕಡಿದು, ಬಂಡಿಯಲ್ಲಿ ತಂದು ಒಣಗಿಸಿಡಬೇಕು. ಕಬ್ಬಿನ ಸಿಪ್ಪೆಯನ್ನೇ ಉರಿಸುವ ಒಲೆಗಳು ಬಂದು ನೆಲೆಗೊಂಡದ್ದು ತಡವಾಗಿ.

ಅಕ್ಟೋಬರ್ ಬಂತೆಂದರೆ ಫ್ರೆಂಚರು ‘ರೂಲೆಜಾಂ’ ಎನ್ನುತ್ತಿದ್ದ ಗಾಣದ ಹಂಗಾಮು. ಕಡಿಯುವವರ ಕೈಯಲ್ಲಿ ಅಗಲ ಅಲಗಿನ, ಹಿಂಬದಿಗೆ ಕೊಕ್ಕೆಯಿರುವ ಕತ್ತಿ. ಕೊಕ್ಕೆಯಿಂದ ಎರಡೂ ಬದಿಯ ಎಲೆ ಸವರಿ, ಬಲಿಯದ ತುದಿ ಕತ್ತರಿಸಿ, ಬುಡವನ್ನು ನೆಲಕ್ಕೆ ಅಂಟಿದಂತೆ ಕಡಿಯಬೇಕು. ಸಿಹಿ ಹೆಚ್ಚಿರುವುದು ಬುಡದಲ್ಲೇ, ಮೋಟು ಬಿಟ್ಟರೆ ಏಟು. ಕಡಿದ ಕಬ್ಬು ಕಾದರೆ ರಸ ಕೆಡುತ್ತದೆ, ಆದ್ದರಿಂದ ಗಾಣ ಹಗಲೂ ರಾತ್ರಿ ನಿಲ್ಲುವುದಿಲ್ಲ. ಹಗಲು ಹೊಲದಲ್ಲಿ ಕಡಿದವರೇ ರಾತ್ರಿಯ ಒಂದು ಪಾಳಿಯಲ್ಲಿ ಗಾಣದ ಮನೆಗೆ. ದಿನಕ್ಕೆ 16ರಿಂದ 18 ತಾಸು ದುಡಿಮೆ, ವಾರಗಟ್ಟಲೆ. 1806ರ ಕರಿಯರ ಕಾನೂನು ಭಾನುವಾರ ದುಡಿಸಿದರೆ ದಿನಕ್ಕೆ 50 ಸೆಂಟ್ ಕೊಡಬೇಕೆಂದಿತ್ತು. ಗಾಣದ ಹಂಗಾಮಿನಲ್ಲಿ ಭಾನುವಾರವೂ ಬಿಡುವಿಲ್ಲದ ದಿನವೇ. ಉರುಳೆಗಳಿಗೆ ಕಬ್ಬು ಉಣಿಸುವ ಕೆಲಸ ಅತಿ ಅಪಾಯದ್ದು. ನಿದ್ದೆಗಣ್ಣಿನಲ್ಲಿ ಬೆರಳು ಸಿಕ್ಕಿದರೆ ತೋಳು ಒಳಗೆ ಹೋಗುತ್ತಿತ್ತು. ಕೆರಿಬಿಯನ್ ದ್ವೀಪಗಳ ಗಾಣಗಳಲ್ಲಿ ತೋಳನ್ನು ಕತ್ತರಿಸಿ ಜೀವ ಉಳಿಸಲೆಂದು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು.

ಕಾಯಿಸುವ ಕ್ರಮ ನಿಮ್ಮ ಆಲೆಮನೆಯ ಹಾಗೆಯೇ ಶುರುವಾಗುತ್ತದೆ, ಕೊನೆಯಲ್ಲಿ ಬೇರೆಯಾಗುತ್ತದೆ. ಒಂದೇ ಉದ್ದನೆಯ ಒಲೆಯ ಮೇಲೆ ಸಾಲಾಗಿ ನಾಲ್ಕೈದು ಕೊಪ್ಪರಿಗೆ. ಹೊಗೆಕೊಳವೆಯ ಬದಿಗಿರುವ ಅತಿ ದೊಡ್ಡದು ‘ಗ್ರಾಂಡ್’, ಆಮೇಲೆ ‘ಫ್ಲಾಂಬೊ’, ‘ಸಿರೊ’, ಬೆಂಕಿಯ ನೇರ ಮೇಲೆ ಅತಿ ಚಿಕ್ಕದಾದ ‘ಬ್ಯಾಟರಿ’. ಗ್ರಾಂಡ್‌ನಲ್ಲಿ ಸುಣ್ಣ ಹಾಕುತ್ತಾರೆ. ಕಡಿಮೆಯಾದರೆ ಹುಳಿ ಉಳಿದು ಹರಳು ಕಟ್ಟುವುದಿಲ್ಲ, ಹೆಚ್ಚಾದರೆ ಸಕ್ಕರೆ ಕಪ್ಪಾಗಿ ಅಂಟಂಟಾಗುತ್ತದೆ. ಪ್ರತಿ ಹೊಲದ ರಸಕ್ಕೂ ಬೇರೆ ಅಳತೆ. ಮೇಲೆದ್ದ ಮಡ್ಡಿಯನ್ನು ತೆಗೆಯುತ್ತಾ, ಉದ್ದ ಹಿಡಿಯ ಸೌಟುಗಳಿಂದ ಕುದಿಯುವ ರಸವನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕು. ಚರ್ಮಕ್ಕೆ ಅಂಟಿದ ಪಾಕ ಕೆಳಗಿಳಿಯುವುದಿಲ್ಲ, ಸುಡುತ್ತಲೇ ಇರುತ್ತದೆ. ಬ್ಯಾಟರಿಯಲ್ಲಿ ಸುಮಾರು 113ರಿಂದ 115 ಡಿಗ್ರಿ ಸೆಲ್ಸಿಯಸ್‌ಗೆ ಹದ ಬರುತ್ತದೆ. ಥರ್ಮಾಮೀಟರ್ ಇಲ್ಲದಿದ್ದಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಎಳೆ ಎಳೆದು ನೋಡುತ್ತಿದ್ದರು. ಆ ಕ್ಷಣ ತಪ್ಪಿದರೆ ಇಡೀ ಕೊಪ್ಪರಿಗೆ ಸೀದು ಹಾಳು.

ಬೆಲ್ಲಕ್ಕಾದರೆ ಪಾಕವನ್ನೆಲ್ಲ ಅಚ್ಚಿಗೆ ಸುರಿದು ಮುಗಿಸುತ್ತೇವೆ. ಅಲ್ಲಿ ಹರಳು ಬೇರೆ, ಕಾಕಂಬಿ ಬೇರೆ ಆಗಬೇಕು. ಪಾಕವನ್ನು ಅಗಲವಾದ ಮರದ ತೊಟ್ಟಿಗಳಲ್ಲಿ ಒಂದು ದಿನದಷ್ಟು ಆರಲು ಬಿಟ್ಟು, ತಳದಲ್ಲಿ ತೂತುಗಳಿರುವ ಪೀಪಾಯಿಗಳಿಗೆ ತುಂಬಿ, ಕೆಳಗಿನ ತೊಟ್ಟಿಗೆ ಕಾಕಂಬಿ ತೊಟ್ಟಿಕ್ಕುವಂತೆ ಕೆಲವು ವಾರ ನಿಲ್ಲಿಸುತ್ತಿದ್ದರು. ಲೂಸಿಯಾನಾದಲ್ಲಿ ಹರಳು ಸಕ್ಕರೆಯನ್ನು ಲಾಭಕರವಾಗಿ ತೆಗೆದು ತೋರಿಸಿದ ತೋಟಗಾರ ಎಟಿಯೆನ್ ದ ಬೊರೆ, 1795ರಲ್ಲಿ. ಅದೇ ದಶಕದಲ್ಲಿ ಹೈಟಿಯ ಗುಲಾಮರು ದಂಗೆಯೆದ್ದು ಜಗತ್ತಿನ ಅತಿ ದೊಡ್ಡ ಸಕ್ಕರೆ ವಸಾಹತನ್ನು ಉರುಳಿಸಿದ್ದರು, ಇತ್ತ ಲೂಸಿಯಾನಾದ ನೀಲಿ ಬೆಳೆ ಹುಳದ ಬಾಧೆಯಿಂದ ನೆಲಕಚ್ಚಿತ್ತು. ಹೇಡೆಲ್‌ರಂಥ ನೀಲಿ ತೋಟಗಾರರು ಕಬ್ಬಿಗೆ ತಿರುಗಿದ್ದು ಹೀಗೆ. ಸೌಟಿನ ಕೆಲಸವನ್ನು, ಸೌದೆಯ ಖರ್ಚನ್ನು ತಗ್ಗಿಸುವ ನಿರ್ವಾತ ಆವಿಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ನ್ಯೂ ಆರ್ಲಿಯನ್ಸ್‌ನ ಸ್ವತಂತ್ರ ಕಪ್ಪು ಎಂಜಿನಿಯರ್ ನೋರ್ಬರ್ಟ್ ರಿಲ್ಯೂ. ಇಂದಿನ ಸಕ್ಕರೆ ಕಾರ್ಖಾನೆಗಳ ಆವಿಪಾತ್ರೆಗಳೂ ಅದೇ ತತ್ವದ ಮೇಲೆ ನಡೆಯುತ್ತವೆ. ಯಂತ್ರ ದುಬಾರಿಯಾದ್ದರಿಂದ ಬಹಳಷ್ಟು ತೋಟಗಳು 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದವರೆಗೂ ತೆರೆದ ಕೊಪ್ಪರಿಗೆಯಲ್ಲೇ ಮುಂದುವರಿದವು.

ಈ ಕ್ರಮ ಗೊತ್ತಿದ್ದರೆ ಆಸ್ತಿಪಟ್ಟಿಯ ಬೆಲೆಗಳು ಅರ್ಥವಾಗುತ್ತವೆ. ಹದ ಬಲ್ಲ ಸಕ್ಕರೆ ಕುಶಲಿ, ಕಮ್ಮಾರ, ಬಡಗಿ, ಪೀಪಾಯಿ ಕಟ್ಟುವವ ಇವರ ಬೆಲೆ ಗುದ್ದಲಿ ಆಳಿಗಿಂತ ಹೆಚ್ಚು. ಇಪ್ಪತ್ತರ ಹರೆಯದ ಗಂಡಾಳಿಗೆ 1860ರ ನ್ಯೂ ಆರ್ಲಿಯನ್ಸ್ ಮಾರುಕಟ್ಟೆಯಲ್ಲಿ 1,500 ಡಾಲರ್‌ಗೂ ಮೀರಿ ಬೆಲೆಯಿತ್ತು. ನಲವತ್ತು ದಾಟಿದರೆ ಬೆಲೆ ಸರ್ರನೆ ಇಳಿಯುತ್ತದೆ. ‘ಕೈ ಊನ’, ‘ಅಂಡವಾಯು’ ಎಂಬಂಥ ಟಿಪ್ಪಣಿಗಳನ್ನು ಓದುವಾಗ ಗಾಣವನ್ನೂ ಸೌದೆಯ ಹೊರೆಯನ್ನೂ ನೆನೆಯಬೇಕು. ಆ ಊನಗಳಲ್ಲಿ ಅನೇಕವು ಹುಟ್ಟಿನಿಂದಲ್ಲ, ಕೆಲಸದಿಂದ ಬಂದಿರಬಹುದು.

ಸಕ್ಕರೆ ಪ್ಯಾರಿಷ್‌ಗಳಲ್ಲಿ ಗುಲಾಮರ ಸಾವು ಹುಟ್ಟಿಗಿಂತ ಹೆಚ್ಚಿತ್ತು. ಅಮೆರಿಕದ ಹತ್ತಿ, ತಂಬಾಕು ಸೀಮೆಗಳಲ್ಲಿ ಹಾಗಿರಲಿಲ್ಲ. ತೋಟಗಾರರು ಹೆಚ್ಚಾಗಿ ಗಂಡಸರನ್ನೇ ಕೊಳ್ಳುತ್ತಿದ್ದುದು ಒಂದು ಕಾರಣ, ಬಸುರಿಯರನ್ನೂ ಬಾಣಂತಿಯರನ್ನೂ ಬಿಡದ ದುಡಿಮೆ, ಮಲೇರಿಯಾ, ಕಾಲರಾ ಉಳಿದ ಕಾರಣಗಳು. ತಿಂಗಳಿಗೆ ಒಂದು ಪೀಪಾಯಿ ತೆನೆ ಮೆಕ್ಕೆಜೋಳ ಅಥವಾ ಅಷ್ಟೇ ಬೆಲೆಯ ಅಕ್ಕಿ, ಬೀನ್ಸ್, ಜೊತೆಗೆ ಉಪ್ಪು ಕೊಟ್ಟರೆ ಕಾನೂನು ತೃಪ್ತ. ಉಳಿದದ್ದನ್ನು ಅವರೇ ತಮ್ಮ ಗುಡಿಸಲ ಹಿಂದಿನ ಕೈತೋಟದಿಂದ, ಕೋಳಿಯಿಂದ, ನದಿಯ ಮೀನಿನಿಂದ ಹೊಂದಿಸಿಕೊಂಡರು. ವಸ್ತುಸಂಗ್ರಹಾಲಯದಲ್ಲಿ ‘ಫೀಲ್ಡ್ ಆಫ್ ಏಂಜಲ್ಸ್’ ಎಂಬ ಅಂಗಳ ನೋಡಿರುತ್ತೀರಿ. 1823ರಿಂದ 1863ರ ನಡುವೆ ಇದೊಂದೇ ಪ್ಯಾರಿಷ್‌ನಲ್ಲಿ, ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್‌ನಲ್ಲಿ, ಸತ್ತ ಸುಮಾರು 2,200 ಗುಲಾಮ ಮಕ್ಕಳ ನೆನಪಿನದು ಅದು. ಈ ಲೆಕ್ಕ ಸಿಕ್ಕಿರುವುದು ಕ್ಯಾಥೊಲಿಕ್ ಚರ್ಚಿನ ದಾಖಲೆಗಳಿಂದ. ಫ್ರೆಂಚ್ ಕಾಲದ 1724ರ ಕಾನೂನು ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸುವುದನ್ನು ಕಡ್ಡಾಯ ಮಾಡಿತ್ತು. ದೀಕ್ಷೆಯ ಪುಸ್ತಕದಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ಯಜಮಾನನ ಹೆಸರು, ದೀಕ್ಷೆಯಲ್ಲಿ ಮಗುವಿನ ಪರವಾಗಿ ನಿಲ್ಲುವ ಗಾಡ್‌ಫಾದರ್ ಮತ್ತು ಗಾಡ್‌ಮದರ್ ಹೆಸರು ಇರುತ್ತವೆ. ತಂದೆಯ ಜಾಗ ಬಹಳ ಸಲ ಖಾಲಿ. ಗಾಡ್‌ಪೇರೆಂಟ್‌ಗಳ ಹೆಸರನ್ನು ಸಣ್ಣ ವಿವರವೆಂದು ಬಿಡಬಾರದು. ಯಾರು ಯಾರಿಗೆ ಆಪ್ತರು, ಯಾವ ತೋಟದವರು ಯಾವ ತೋಟದವರಿಗೆ ನೆಂಟರು ಎಂಬುದನ್ನು ಗುಲಾಮರೇ ಆರಿಸಿ ತೋರಿಸಿಕೊಟ್ಟ ಸುಳಿವು ಅದು, ಯಜಮಾನನ ಲೆಕ್ಕವಲ್ಲ.

ಖಾಲಿ ಬಿಟ್ಟ ತಂದೆಯ ಜಾಗದ ಹಿಂದೆ ಏನಿರಬಹುದು ಎಂಬುದಕ್ಕೆ ಇದೇ ತೋಟದಲ್ಲಿ ಉದಾಹರಣೆಯಿದೆ. ವರ್ಜೀನಿಯಾದಿಂದ ತಂದು ಮಾರಿದ ಆನಾ ಎಂಬ ಪುಟ್ಟ ಹುಡುಗಿಯನ್ನು ಮಾರ್ಸೆಲಿನ್ ನ್ಯೂ ಆರ್ಲಿಯನ್ಸ್‌ನಲ್ಲಿ ಕೊಂಡುತಂದ. ಅವಳಿಗೆ 1835ರಲ್ಲಿ ಹುಟ್ಟಿದ ಮಗ ವಿಕ್ಟರ್. ತಂದೆ, ಒಡತಿ ಅಝೇಲಿಯ ಸಹೋದರ ಆಂಟ್ವಾನ್ ಹೇಡೆಲ್. ಅಂದರೆ ಅಝೇಲಿ ತನ್ನ ಸ್ವಂತ ಸೋದರಳಿಯನನ್ನೇ ಗುಲಾಮನಾಗಿ ಇಟ್ಟುಕೊಂಡಿದ್ದಳು. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬುದು ಕಾನೂನು, ತಂದೆ ಯಾರೆಂಬುದು ಲೆಕ್ಕಕ್ಕಿಲ್ಲ. ವಿಕ್ಟರನ ವಂಶದಲ್ಲಿ ಹುಟ್ಟಿದ ಸಿಬಿಲ್ ಹೇಡೆಲ್ ಮೊರಿಯಲ್, ನ್ಯೂ ಆರ್ಲಿಯನ್ಸ್‌ನ ಮೊದಲ ಕಪ್ಪು ಮೇಯರ್ ಅರ್ನೆಸ್ಟ್ ಮೊರಿಯಲ್ ಅವರ ಪತ್ನಿ. ‘ಒಂದೇ ಕುಟುಂಬದ ಕೈಯಲ್ಲಿ’ ಇದ್ದ ತೋಟ ಎಂದಿರಿ. ಆ ಕುಟುಂಬದ ಒಂದು ಕವಲು ದೊಡ್ಡ ಮನೆಯಲ್ಲಿ, ಇನ್ನೊಂದು ಕವಲು ಆಸ್ತಿಪಟ್ಟಿಯಲ್ಲಿ ಇತ್ತು.

ಆನಾಳಂತೆ ಪೂರ್ವ ರಾಜ್ಯಗಳಿಂದ ಬಂದವರ ಹೆಸರು ಮತ್ತೊಂದು ಕಡೆ ಸಿಗುತ್ತದೆ. 1808ರಿಂದ ಆಫ್ರಿಕಾದಿಂದ ತರುವುದು ಕಾನೂನಿನಲ್ಲಿ ನಿಂತಿತು, ಕರಾವಳಿ ಹಡಗುಗಳಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ನ್ಯೂ ಆರ್ಲಿಯನ್ಸ್‌ಗೆ ಸಾಗಿಸುವುದು ಹೆಚ್ಚಿತು. ಆಫ್ರಿಕಾದಿಂದ ಕದ್ದು ತಂದವರಲ್ಲವೆಂದು ತೋರಿಸಲು ಹಡಗಿನ ಕಪ್ತಾನ ಪ್ರತಿಯೊಬ್ಬರ ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಕಳಿಸಿದವನ ಮತ್ತು ಪಡೆಯುವವನ ಹೆಸರು ಬರೆದ ಪಟ್ಟಿಯನ್ನು ಸುಂಕದ ಕಟ್ಟೆಗೆ ಕೊಡಬೇಕಿತ್ತು. ಅಡಿ, ಅಂಗುಲಗಳಲ್ಲಿ ಬರೆದ ಆ ಎತ್ತರ ಈಗ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ನೆರವಾಗುತ್ತದೆ.

ನಂಬಬಹುದೆ ಎಂದಿರಿ. ಇದ್ದ ಹೆಸರು ಸುಳ್ಳಲ್ಲ, ಆದರೆ ಜೋಡಣೆಯಲ್ಲಿ ತಪ್ಪಾಗುವುದು ಸುಲಭ. ಪ್ಯಾರಿಷ್ ತುಂಬ ಹೇಡೆಲ್‌ಗಳು, ಹಲವು ತೋಟಗಳು. ‘ಹೇಡೆಲ್‌ನ ಗುಲಾಮ’ ಎಂದು ಕಂಡ ಕೂಡಲೇ ಈ ತೋಟದವನೆಂದು ತೀರ್ಮಾನಿಸಬಾರದು. ‘ಮಾರ್ಸೆಲಿನ್‌ನ ವಿಧವೆ’ ಎಂಬಂಥ ಪೂರ್ಣ ಗುರುತು ಬೇಕು. ಒಬ್ಬನೇ ವ್ಯಕ್ತಿ ಫ್ರೆಂಚ್ ಪತ್ರದಲ್ಲಿ ಗಿಯೋಮ್, ಸ್ಪೇನಿನ ಕಾಲದಲ್ಲಿ ಗಿಯೆರ್ಮೊ, ಇಂಗ್ಲಿಷಿನಲ್ಲಿ ವಿಲಿಯಂ. ಒಂದೇ ತೋಟದಲ್ಲಿ ಮೂವರು ಮರೀಗಳಿರಬಹುದು. ವಯಸ್ಸುಗಳೆಲ್ಲ 20, 25, 30 ಎಂದು ದುಂಡಗೆ ಬರುತ್ತವೆ, ಐದಾರು ವರ್ಷ ಆಚೀಚೆ ಎಂದೇ ಹಿಡಿಯಬೇಕು. ಅದಕ್ಕೇ ಸಂಶೋಧಕರು ಒಂಟಿ ಹೆಸರನ್ನು ಹಿಂಬಾಲಿಸುವುದಿಲ್ಲ, ಗುಂಪನ್ನು ಹಿಂಬಾಲಿಸುತ್ತಾರೆ: ತಾಯಿ, ಎರಡು ಮಕ್ಕಳು, ಕಸುಬು, ಬೆಲೆ ಸೇರಿ ಎರಡು ಪಟ್ಟಿಗಳಲ್ಲಿ ಹೊಂದಿದರೆ ಮಾತ್ರ ಒಂದೇ ಕುಟುಂಬವೆನ್ನಬಹುದು. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ 1984ರಲ್ಲಿ ಲೂಸಿಯಾನಾದ ಪಾಯಿಂಟ್ ಕೂಪೀ ಪ್ಯಾರಿಷ್‌ನ ಕೋರ್ಟಿನ ಕಡತಗಳಿಂದ ಆರಂಭಿಸಿ 1719ರಿಂದ 1820ರವರೆಗಿನ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ವಿವರಗಳನ್ನು ಒಟ್ಟುಮಾಡಿದರು. ವಿಟ್ನಿಯಲ್ಲಿ 1,07,000 ಹೆಸರುಗಳ ಗೋಡೆಸಾಲು ಅವರ ಆ ಕೆಲಸದ್ದು. ಈ ತೋಟಕ್ಕೇ ಸೇರಿದ 350ಕ್ಕೂ ಹೆಚ್ಚು ಜನರ ಗೋಡೆ ಬೇರೆ. ಅವರ ಬಗ್ಗೆ ಸಂಶೋಧನೆ ನಡೆಸಿದವರು ಸೆನೆಗಲ್‌ನ ಇತಿಹಾಸಕಾರ ಇಬ್ರಾಹಿಮ ಸೆಕ್. ಎರಡನ್ನೂ ಒಂದೆಂದು ತಿಳಿಯುವ ಪ್ರವಾಸಿಗರು ಬಹಳ.

ಬಿಡುಗಡೆಯ ದಿನಾಂಕದಲ್ಲೂ ಎಡವುವವರಿದ್ದಾರೆ. ಅಂತರ್ಯುದ್ಧದ ನಡುವೆ, 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ಗುಲಾಮರ ಬಿಡುಗಡೆಯ ಘೋಷಣೆ ಇಲ್ಲಿನವರನ್ನು ಬಿಡಿಸಲಿಲ್ಲ. ಆಗಲೇ ಲಿಂಕನ್ ಸರ್ಕಾರದ ಒಕ್ಕೂಟ ಸೇನೆಯ ವಶದಲ್ಲಿದ್ದ ಲೂಸಿಯಾನಾದ 13 ಪ್ಯಾರಿಷ್‌ಗಳನ್ನು ಘೋಷಣೆಯಿಂದ ಹೊರಗಿಟ್ಟಿದ್ದರು, ಸೇಂಟ್ ಜಾನ್ ಅವುಗಳಲ್ಲಿ ಒಂದು. ಕಾನೂನಿನ ಪ್ರಕಾರ ಇಲ್ಲಿ ಗುಲಾಮಗಿರಿ ಮುಗಿದದ್ದು 1864ರ ರಾಜ್ಯ ಸಂವಿಧಾನದಿಂದ. ಅಷ್ಟರೊಳಗೆ ಅನೇಕ ಗಂಡಸರು ಸೇನೆಗೆ ಸೇರಿದ್ದರು. ಉಳಿದವರು ವರ್ಷದ ಕರಾರಿನ ಮೇಲೆ ಅದೇ ಹೊಲಗಳಲ್ಲಿ ಕೂಲಿಗೆ ನಿಂತರು.

ನಿಮ್ಮ ಪರಿಚಯದವರು ಯಾರಾದರೂ ಇಂಥ ಹುಡುಕಾಟ ಮಾಡುವುದಾದರೆ ಹಿಂದಿನಿಂದ ಮುಂದಕ್ಕೆ ಬರಬಾರದು, ಇತ್ತೀಚಿನದರಿಂದ ಹಿಂದಕ್ಕೆ ಹೋಗಬೇಕು. ಬಿಡುಗಡೆಯಾದವರೆಲ್ಲರ ಹೆಸರು ಮೊದಲು ಬಂದದ್ದು 1870ರ ಜನಗಣತಿಯಲ್ಲಿ. ಅಲ್ಲಿ ಕುಟುಂಬವನ್ನು, ಅಕ್ಕಪಕ್ಕದ ಮನೆಗಳವರನ್ನು ಬರೆದುಕೊಳ್ಳಿ, ಒಂದೇ ತೋಟದವರು ಸಾಲಾಗಿ ಬಂದಿರುತ್ತಾರೆ. ಆಮೇಲೆ ಬಿಡುಗಡೆಯಾದವರಿಗೆಂದೇ 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು, ಸೈನಿಕರ ಪಿಂಚಣಿ ಅರ್ಜಿಗಳು. ಹಳೆಯ ಯಜಮಾನ, ತೋಟ, ತಂದೆತಾಯಿ, ಒಡಹುಟ್ಟಿದವರು ಎಂದು ಬಿಡುಗಡೆಯಾದವರೇ ಬಾಯಿಬಿಟ್ಟು ಹೇಳಿ ಬರೆಸಿದ ಮಾತು ಇವುಗಳಲ್ಲಿ ಸಿಗುತ್ತದೆ, ಅದಕ್ಕೆ ಬೆಲೆ ಹೆಚ್ಚು. ಯಜಮಾನನ ಹೆಸರು ಸಿಕ್ಕಮೇಲೆ ಅವನ ಮನೆಯಲ್ಲಿ ಯಾರು ಯಾವಾಗ ಸತ್ತರು, ಯಾರ ಮದುವೆಯಾಯಿತು ಎಂಬುದನ್ನು ಹುಡುಕಿ, ಆ ತಾರೀಖಿನ ಆಸುಪಾಸಿನ ಆಸ್ತಿಪಟ್ಟಿ ತೆಗೆಸಬೇಕು. ಈ ಪ್ಯಾರಿಷ್‌ನ ಕಡತಗಳಿಗೆ ಎಡ್ಗಾರ್ಡ್ ಊರಿನ ಕೋರ್ಟು, ನ್ಯೂ ಆರ್ಲಿಯನ್ಸ್‌ನಲ್ಲಿ ಆದ ಕ್ರಯಗಳಿಗೆ ಅಲ್ಲಿನ ನೋಟರಿ ದಾಖಲೆ ಭಂಡಾರ. ಯಜಮಾನನ ಮನೆತನದ ಹೆಸರನ್ನೇ ಬಿಡುಗಡೆಯಾದವರು ಇಟ್ಟುಕೊಂಡಿರುತ್ತಾರೆಂದು ನಂಬಿ ಹೊರಟರೆ ಅರ್ಧ ದಾರಿಯಲ್ಲೇ ಕೈಚೆಲ್ಲಬೇಕಾಗುತ್ತದೆ. ಎಷ್ಟೋ ಜನ ತಂದೆಯ ಹೆಸರನ್ನೋ ಅದಕ್ಕೂ ಹಿಂದಿನ ಯಜಮಾನನ ಹೆಸರನ್ನೋ ಇಟ್ಟುಕೊಂಡರು.

ಕೊನೆಯದಾಗಿ ನೀವು ನೋಡಿದ ಕಟ್ಟಡಗಳ ಬಗ್ಗೆ. ದೊಡ್ಡ ಮನೆ ಹೇಡೆಲ್‌ರ ಕಾಲದ್ದೇ. ಗುಡಿಸಲುಗಳಲ್ಲಿ ಕೆಲವನ್ನು ಬೇರೆ ತೋಟದಿಂದ ತಂದು ನಿಲ್ಲಿಸಿದ್ದಾರೆ, ಇಲ್ಲಿನವು 1970ರ ದಶಕದಲ್ಲಿ ನೆಲಸಮವಾಗಿದ್ದವು. ಚರ್ಚು ನದಿಯಾಚೆಯ ಊರಿನದು, ಬಿಡುಗಡೆಯ ನಂತರ ಕಪ್ಪು ಜನ ಕಟ್ಟಿಕೊಂಡದ್ದು. ಕಬ್ಬಿಣದ ಸೆರೆಕೋಣೆಯೂ ಹೊರಗಿನಿಂದ ಬಂದದ್ದು, ಗುಲಾಮಗಿರಿ ಮುಗಿದ ಮೇಲಿನ ಕಾಲದ್ದು. ಸೆರೆಕೋಣೆಯ ಫೋಟೊ ಹಂಚುವಾಗ ಅದರ ಕೆಳಗೆ ‘ಹೇಡೆಲ್‌ರ ಗುಲಾಮರನ್ನು ಕೂಡಿಹಾಕುತ್ತಿದ್ದ ಜಾಗ’ ಎಂದು ಬರೆಯಬೇಡಿ.